ತೋಳಿನ ಗಂಟು

ಎರಡು ಸಲ ಬೀಳ್ಕೊಂಡ ಊರಿನಲ್ಲಿ ಮೂರನೆಯ ಸಲ ನಡೆದು ಹೋಗುವುದು ಹೇಗೆ ಎಂದು ಮೌಲಾಸಾಬನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಖ ಎತ್ತಿ ನಡೆದರೆ ಇನ್ನೂ ಇಲ್ಲೇ ಇದ್ದೀಯಾ ಅನ್ನುತ್ತಾರೆ. ತಗ್ಗಿಸಿ ನಡೆದರೆ ಹೋದವನು ಏನೋ ಕದ್ದುಕೊಂಡು ವಾಪಸು ಬಂದ ಹಾಗೆ ಕಾಣುತ್ತದೆ. ತಲೆಯ ಮೇಲಿನ ಗಂಟನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಕಣ್ಣು ಮುಚ್ಚುವ ಹಾಗೆ ಮಾಡಿಕೊಂಡು ಅವನು ಹೊರಟ. ನ್ಯಾಮತಿಯ ಪೇಟೆ ಬೀದಿ ಅಂಥ ದೊಡ್ಡದೇನಲ್ಲ, ಒಂದು ಬೀಡಿ ಮುಗಿಯುವುದರೊಳಗೆ ಬೀದಿಯೂ ಮುಗಿಯುತ್ತದೆ. ಆದರೆ ಅಷ್ಟರಲ್ಲೇ ಹನ್ನೊಂದು ಅಂಗಡಿ, ಹನ್ನೊಂದರಲ್ಲೂ ಅವನೂ ಅವನಪ್ಪನೂ ಹತ್ತಿ ಎಕ್ಕಿ ತುಂಬಿಕೊಟ್ಟ ದಿಂಬುಗಳು. ಅವನ ಹತ್ತಿಗೆ ಒರಗಿಕೊಂಡೇ ಜನ ಅವನನ್ನು ವಿಚಾರಿಸುತ್ತಿದ್ದರು. ಆ ದಿಂಬುಗಳನ್ನು ಇಷ್ಟು ಮೆತ್ತಗೆ ಮಾಡಬಾರದಿತ್ತು, ಅಲ್ಲೊಂದು ಇಲ್ಲೊಂದು ಹತ್ತಿಕಾಳು ಬಿಟ್ಟಿದ್ದರೆ ಇವರಿಗೆ ಕೂತಲ್ಲಿ ಕೂರಲಾಗದೆ ಬೇರೆ ಯೋಚನೆ ಇರುತ್ತಿತ್ತು ಎಂದು ಮೌಲಾ ಅಂದುಕೊಂಡ.

"ಏನೋ ಮೌಲಾ, ದಾವಣಗೆರೆ ಬಂತಾ?" ಅಡಿಕೆ ಮಂಡಿಯ ಕೊಟ್ರಬಸಪ್ಪ ಕೂಗಿದ.

"ಇವತ್ತು ಬರ್ತೈತ್ರೀ ಸಾವ್ಕಾರ್ರೇ."

"ಅದು ಬರೋದಲ್ಲಪ್ಪಾ, ನೀ ಹೋಗ್ಬೇಕು. ಅದು ಅಲ್ಲೇ ಇರ್ತೈತೆ." ಕೊಟ್ರಬಸಪ್ಪ ಪಕ್ಕದವನ ಕಡೆ ತಿರುಗಿ ನಕ್ಕ. "ಹೋಗ್ಲಿ, ನಿಮ್ಮಪ್ಪಗೆ ಹೇಳು, ನನ್ನ ಮಗಳ ಮದುವೆ ಹಾಸಿಗೆ ಇವತ್ತು ಮುಗೀಬೇಕು ಅಂತ. ನೀನೂ ಹೆಂಗೂ ಮಧ್ಯಾಹ್ನದ ಹೊತ್ತಿಗೆ ಬಿಡುವಾಗಿರ್ತೀಯಲ್ಲ, ಬಾ."

ಬಿಡುವಾಗಿರ್ತೀಯಲ್ಲ! ಅದರಲ್ಲಿ ಕುಹಕ ಇದ್ದಿದ್ದರೆ ಮೌಲಾ ತಡೆದುಕೊಳ್ಳುತ್ತಿದ್ದ. ಇರಲಿಲ್ಲ. ಸಾವ್ಕಾರ ನಿಜವಾಗಿಯೂ ಅವನನ್ನು ಮಧ್ಯಾಹ್ನದ ಕೆಲಸಕ್ಕೆ ಲೆಕ್ಕ ಹಿಡಿದಿದ್ದ. ಮೂರು ಮನೆ ದಾಟಿದರೆ ಕಸ್ತೂರಮ್ಮನ ಜಗಲಿ. ಮಂಗಳವಾರ ಅವಳು, ಹುಟ್ಟಿದಾಗಿನಿಂದ ನೋಡಿದ ಹುಡುಗ ಪರಸ್ಥಳಕ್ಕೆ ಹೊರಟನಲ್ಲಾ ಎಂದು ಕಣ್ಣೊರೆಸಿಕೊಂಡು ಹನ್ನೆರಡು ಕೋಡುಬಳೆ ಕೊಟ್ಟಿದ್ದಳು. ಅವತ್ತು ಬಸ್ಸು ಹೊರಡಲಿಲ್ಲ. ಹೊರಡದ ಬಸ್ಸಿನಲ್ಲಿ ಕೂತು ಅವನು ಹನ್ನೆರಡನ್ನೂ ತಿಂದುಬಿಟ್ಟಿದ್ದ. ಹೋಗದೆ ಇರುವವನಿಗೆ ಹೋಗುವವನ ಕೋಡುಬಳೆ ತಿನ್ನುವ ಹಕ್ಕಿದೆಯೇ ಎಂಬ ಪ್ರಶ್ನೆ ಕೊನೆಯದು ಬಾಯೊಳಗೆ ಇರುವಾಗ ಹುಟ್ಟಿತ್ತು. ಗುರುವಾರ ಆರು ಕೊಟ್ಟಳು, ಕಣ್ಣು ಒರೆಸಿಕೊಳ್ಳಲಿಲ್ಲ. ಇವತ್ತು ಬಾಗಿಲಲ್ಲಿ ನಿಂತು ಬರಿಗೈ ತೋರಿಸಿದಳು. "ನೀ ಮೊದ್ಲು ಹೋಗಪ್ಪಾ ಮೌಲಾ. ಹೋಗಿ ಒಂದು ಕಾಗದ ಬರಿ. ಆಮ್ಯಾಲೆ ಯಾರ ಕೈಲಾದ್ರೂ ಕಳಿಸ್ತೀನಿ."

ಇದಕ್ಕೆಲ್ಲ ಕಾರಣ ಬಲತೋಳಿನ ಗಂಟು. ಅದಿಲ್ಲದಿದ್ದರೆ ಹೋಗುವವನಿಗೂ ಹೋಗದವನಿಗೂ ನೋಡಲು ಏನೂ ವ್ಯತ್ಯಾಸವಿರುತ್ತಿರಲಿಲ್ಲ. ದೂರ ಹೊರಟವರ ತೋಳಿಗೆ ತಾಯಿಯಾದವಳು ಒಂದು ಕಾಸನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಕಟ್ಟುತ್ತಾಳೆ. ಅದು ಇಮಾಮರ ಜಾಮೀನು, ದಾರಿಯುದ್ದಕ್ಕೂ ಅವರೇ ಹೊಣೆ. ಸುಖವಾಗಿ ತಲುಪಿದ ಮೇಲೆ ಗಂಟು ಬಿಚ್ಚಿ ಆ ಕಾಸನ್ನು ಅಲ್ಲಿನ ಬಡವರೊಬ್ಬರಿಗೆ ಕೊಟ್ಟರೆ ಜಾಮೀನು ತೀರಿತು. ತಲುಪುವ ತನಕ ಬಿಚ್ಚುವ ಹಾಗಿಲ್ಲ. ಕಟ್ಟಿಸಿಕೊಂಡವನು ಹೋಗದೆ ಮನೆಯಲ್ಲೇ ಉಳಿದರೆ ಏನು ಮಾಡಬೇಕು ಎನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ, ಹಾಗೆ ಮಾಡಿದವರು ಯಾರೂ ಇರಲಿಲ್ಲ. ಅವ್ವ ತಾಜ್‌ಬೀ ಸೋಮವಾರ ಸಂಜೆಯೇ ಕಟ್ಟಿಬಿಟ್ಟಿದ್ದಳು. ಬೆಳಗ್ಗೆ ಗಡಿಬಿಡಿಯಲ್ಲಿ ಮರೆತರೆ ಎಂದು ಅವಳ ಹೆದರಿಕೆ. ಅವತ್ತಿನಿಂದ ಅವನು ಅದರೊಂದಿಗೇ ಮಲಗಿದ, ಅದರೊಂದಿಗೇ ಎದ್ದ, ಅದನ್ನು ನೆನೆಸಿಕೊಂಡೇ ಸ್ನಾನ ಮಾಡಿದ. ನೀರು ಸೇದಲು ಹೋದರೆ ಬಾವಿಕಟ್ಟೆಯ ಹೆಂಗಸರು ದಾರಿ ಬಿಟ್ಟುಕೊಟ್ಟರು, ಪ್ರಯಾಣಿಕ ಎಂದು.

ಬಸ್ಸು ಹೊರಡದ್ದಕ್ಕೆ ತಂಗಿ ಮಜೀದಾ ಕಾರಣ ಕಂಡುಹಿಡಿದಿದ್ದಳು. "ಯುದ್ಧ ಬಂದ ಮ್ಯಾಲೆ ಸರ್ಕಾರದ ಕಾಸಿಗೂ ತೂತು ಬಿತ್ತಲ್ಲ, ಅವ್ವ ಅದನ್ನೇ ಕಟ್ಯಾಳೆ. ತೂತಿನಾಗೆ ಬರ್ಕತ್ತು ಸೋರಿಹೋಗ್ಯೈತೆ. ಬಸ್ಸು ಹೆಂಗೆ ಹೊರಡ್ತೈತೆ?"

"ಬಾಯ್ಮುಚ್ಚೇ. ಇಡೀ ಕಾಸು ಎಲ್ಲೈತೆ ಈಗ?" ಎಂದು ಅವ್ವ ಗದರಿದರೂ, ಆಮೇಲೆ ಮೌಲಾನ ತೋಳು ಹಿಡಿದು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ್ದಳು. ಸೋರದಿರಲಿ ಎಂದೇ ಇರಬೇಕು.

ಮಂಗಳವಾರದ್ದು ಬಸ್ಸಿನ ತಪ್ಪು, ಒಪ್ಪಿಕೊಳ್ಳಬಹುದು. ಗುರುವಾರದ್ದು ಯಾರ ತಪ್ಪು? ಬಸ್ಸು ಹೊರಡುವ ಹೊತ್ತಿಗೆ ಅವನು ಹುಣಸೇಮರದ ಹಿಂದೆ ನಿಂತಿದ್ದ. ಏನೂ ಕೆಲಸವಿರಲಿಲ್ಲ. ಸುಮ್ಮನೆ ಮರದ ತೊಗಟೆಯ ಮೇಲೆ ಸಾಲಾಗಿ ಹೋಗುವ ಇರುವೆ ನೋಡುತ್ತ ನಿಂತಿದ್ದ. ಡ್ರೈವರ್ ರಂಗಣ್ಣ ಎರಡು ಸಲ ಹಾರನ್ ಒತ್ತಿದ್ದೂ ಕೇಳಿತು, ಬಸ್ಸಿನ ಸದ್ದು ಹೊನ್ನಾಳಿ ರಸ್ತೆಯಲ್ಲಿ ಸಣ್ಣದಾಗಿದ್ದೂ ಕೇಳಿತು. ಇರುವೆಗಳು ಒಂದೇ ಒಂದು ಸಲವೂ ನಿಂತು ಯೋಚಿಸಲಿಲ್ಲ. ಮನೆಗೆ ಬಂದು ಜಾಗ ಇರಲಿಲ್ಲ ಎಂದ. ಅಪ್ಪ ಸುಬಾನಸಾಬ ಹೂಂ ಎಂದ. ಮಜೀದಾ ಮಾತ್ರ ಅವನ ಅಂಗಿಯ ಬೆನ್ನಿಗೆ ಅಂಟಿದ್ದ ಹುಣಸೇ ತೊಗಟೆಯ ಪುಡಿಯನ್ನು ಮೆಲ್ಲಗೆ ಕೊಡವಿ ಒಳಗೆ ಹೋಗಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಈಗ ಶನಿವಾರ. ವಾರಕ್ಕೆ ಮೂರೇ ಬಸ್ಸು. ಚಿಕ್ಕಮ್ಮನ ಮಗ ಕರೀಮ್ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಮಾತಾಡಿ ಒಂದು ಜಾಗ ಹಿಡಿದಿಟ್ಟಿದ್ದ. ಶನಿವಾರ ಸಂಜೆಯೊಳಗೆ ಬಂದು ಮೇಸ್ತ್ರಿಗೆ ಮುಖ ತೋರಿಸಿದರೆ ನಿನ್ನದು, ಇಲ್ಲವಾದರೆ ಭಾನುವಾರದಿಂದ ಹರಿಹರದ ಹುಡುಗನದು, ಆಮೇಲೆ ನನ್ನನ್ನು ಕೇಳಬೇಡ ಎಂದು ಬರೆಸಿದ್ದ. ಎರಡು ಸಾಲಿನ ಕಾಗದ. ಅದನ್ನು ಓದಿ ಹೇಳಿದ ದಿನ ಅಪ್ಪ ಹತ್ತಿ ಎಕ್ಕುವ ಬಿಲ್ಲಿನ ನರ ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ. "ಹೋಗು" ಎಂದ, ಉಪ್ಪು ಕೊಡು ಅನ್ನುವ ಹಾಗೆ. ಬೇಡ ಎಂದಿದ್ದರೆ ಜಗಳವಾಡಿ ಎರಡೇ ದಿನದಲ್ಲಿ ಹೋಗಿಬಿಡುತ್ತಿದ್ದೆ ಎಂದು ಮೌಲಾನಿಗೆ ಈಗಲೂ ಅನಿಸುತ್ತದೆ. ತಡೆಯುವವರಿದ್ದರೆ ಹೋಗುವುದು ಸುಲಭ. ಬಾಗಿಲು ಪೂರ್ತಿ ತೆರೆದಿಟ್ಟರೆ ಹೊಸ್ತಿಲೇ ಎಡವುತ್ತದೆ. ತಾನಿಲ್ಲದೆ ಇವರಿಗೆ ನಡೆಯುತ್ತದೆಯೇ ಎಂದು ಕೊರಗುತ್ತಿದ್ದವನಿಗೆ, ನಡೆದೇ ನಡೆಯುತ್ತದೆ ಎನ್ನುವುದು ಗೊತ್ತಾಗಿ ಇನ್ನೂ ಕೊರಗು ಹೆಚ್ಚಿತು.

ಅದೂ ಅಲ್ಲದೆ, ಯಾವ ಮನೆಯನ್ನು ಬಿಟ್ಟು ಹೋಗುವುದು? ಅವನಿಗೆ ಬುದ್ಧಿ ಬಂದಾಗಿನಿಂದ ಆ ಮನೆಯೇ ಹೊರಟು ನಿಂತಿದೆ. ಜಗಳೂರಿನಿಂದ ಮೂರು ತಿಂಗಳ ಹಾಸಿಗೆ ಕೆಲಸಕ್ಕೆ ಎಂದು ಅಪ್ಪ ಬಿಲ್ಲು ಹೊತ್ತು ಬಂದಿದ್ದ. ಆ ಮೂರು ತಿಂಗಳು ಮುಗಿಯದೆ ಇಪ್ಪತ್ತೆರಡು ವರ್ಷವಾಯಿತು. ಆರನೆಯ ತಿಂಗಳಲ್ಲಿ ಅವ್ವನನ್ನು ಕರೆಸಿಕೊಂಡ, ಮೌಲಾ ಹುಟ್ಟಿದ, ಮಜೀದಾ ಹುಟ್ಟಿದಳು. ಮುಂದಿನ ವರ್ಷ ಊರಿಗೆ ಹೋಗೋದೈತೆ ಎಂಬ ಮಾತು ಮಾತ್ರ ಅವರಿಬ್ಬರಿಗಿಂತ ಹಿರಿಯದು. ಹೋಗೋದೈತೆ ಎಂದು ಗೋಡೆಗೆ ಸುಣ್ಣ ಇಲ್ಲ. ಹೋಗೋದೈತೆ ಎಂದು ಹಿತ್ತಿಲಲ್ಲಿ ನುಗ್ಗೆ ನೆಡಲಿಲ್ಲ, ನೆಟ್ಟಿದ್ದರೆ ಈ ಹೊತ್ತಿಗೆ ಮುದಿ ಮರವಾಗಿರುತ್ತಿತ್ತು. ಗೋಡೆಗೆ ಒಂದು ಗೂಟ ಹೊಡೆಯಲೂ ಅಪ್ಪ ಬಿಟ್ಟಿಲ್ಲ. ಮನೆಯವರ ಬಟ್ಟೆಯೆಲ್ಲ ಮೂಲೆಯಲ್ಲಿ ನಿಲ್ಲಿಸಿದ ಬಿಲ್ಲಿನ ಮೇಲೆಯೇ. ಬೆಳಗ್ಗೆ ಅಪ್ಪ ಬಿಲ್ಲು ಹೆಗಲಿಗೇರಿಸಿದ ತಕ್ಷಣ ಎಲ್ಲರ ಬಟ್ಟೆಯೂ ನೆಲಕ್ಕೆ ಬೀಳುತ್ತದೆ. ಅವ್ವ ದಿನವೂ ಬೈಯುತ್ತ ಎತ್ತುತ್ತಾಳೆ. ಚನ್ನಗಿರಿಯಿಂದ ಮಜೀದಾಳನ್ನು ನೋಡಲು ಬಂದವರು ನಿಮ್ಮದು ಯಾವೂರು ಎಂದು ಕೇಳಿದಾಗ ಅಪ್ಪ ಎದೆ ಸೆಟೆಸಿ ಜಗಳೂರು ಎಂದ. ಬಂದ ಮುದುಕ ಗೋಡೆ ನೋಡಿದ, ನೆಲದ ಮೇಲಿನ ಬಟ್ಟೆ ನೋಡಿದ. "ನಾಳೆ ಹುಡುಗಿ ತೌರಿಗೆ ಹೋಗ್ತೀನಿ ಅಂದ್ರೆ ಯಾವ ಕಡೆ ಗಾಡಿ ಹೂಡೋದಪ್ಪಾ?" ಎಂದು ಕೇಳಿ ಎದ್ದು ಹೋದ. ಮೌಲಾನೂ ಯಾರು ಕೇಳಿದರೂ ಜಗಳೂರು ಎಂದೇ ಹೇಳುತ್ತಿದ್ದ. ಆ ಊರನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಅಲ್ಲಿ ಕೆರೆ ಯಾವ ದಿಕ್ಕಿಗಿದೆ ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಅಳುಕು ಇದ್ದೇ ಇತ್ತು.

ಬಸ್ಸು ನಿಲ್ಲುವ ಜಾಗದಲ್ಲಿ ಬಸ್ಸು ನಿಂತೇ ಇತ್ತು. ನಿಲ್ಲುವುದರಲ್ಲಿ ಅದಕ್ಕೆ ಒಳ್ಳೆಯ ಅಭ್ಯಾಸ. ಪೆಟ್ರೋಲ್ ಯುದ್ಧಕ್ಕೆ ಹೋದ ಮೇಲೆ ಅದರ ಹಿಂಭಾಗಕ್ಕೆ ಒಂದು ಎತ್ತರದ ಒಲೆ ಕಟ್ಟಿ ಇದ್ದಿಲು ತುಂಬುತ್ತಿದ್ದರು. ಇದ್ದಿಲ ಹೊಗೆ ಕುಡಿದು ಬಸ್ಸು ಓಡಬೇಕು. ಅದು ಕುಡಿಯುವುದಕ್ಕಿಂತ ಹೆಚ್ಚು ಪ್ರಯಾಣಿಕರು ಕುಡಿಯುತ್ತಿದ್ದರು. ರಂಗಣ್ಣ ಮೌಲಾನನ್ನು ನೋಡಿ ಕೈ ಮುಗಿದ.

"ಬಂದ್ರಾ ದೊರೆಗಳು? ಹತ್ತಿ ಎಕ್ಕೋ ತೋಳು ಐತೆ, ಬಾ, ಒಲೆಗೆ ಗಾಳಿ ಹೊಡೆಯೋ ಚಕ್ರ ತಿರುಗ್ಸು. ಗುರುವಾರ ನೀನಿಲ್ದೆ ಇವರ ಕೈಲಿ ತಿರುಗ್ಸಾಕೆ ಆಗ್ದೆ ನನ್ನ ರಟ್ಟೆ ಬಿದ್ದೋಯ್ತು."

"ಗುರುವಾರ ಜಾಗ ಇರ್ಲಿಲ್ಲ" ಎಂದ ಮೌಲಾ, ಯಾರೂ ಕೇಳದಿದ್ದರೂ.

"ಜಾಗ ಇರ್ಲಿಲ್ವಾ?" ಒಳಗೆ ಕೂತಿದ್ದ ಮುದುಕಿ ಕಲ್ಲಮ್ಮ ಕಿಟಕಿಯಿಂದ ಇಣುಕಿದಳು. ಪಕ್ಕದ ಹಳ್ಳಿಯವಳು, ಹೊನ್ನಾಳಿಗೆ ಮಗಳ ಬಾಣಂತನಕ್ಕೆಂದು ಹೋಗಿ ಬಂದು ಮಾಡುತ್ತಿದ್ದವಳು. ಮಡಿಲಲ್ಲಿ ಒಂದು ಕೋಳಿ. "ಗುರುವಾರ ನಾನು ಕಾಲು ಚಾಚ್ಕೊಂಡು ಮಲಿಕ್ಕೊಂಡು ಹೋದ್ನಲ್ಲಪ್ಪಾ."

ಮೌಲಾ ಚಕ್ರದ ಹಿಡಿಕೆ ಹಿಡಿದ. ಒಲೆ ಉಸಿರುಗಟ್ಟಿ ಕೆಮ್ಮಿತು. ತಿರುಗಿಸುವಾಗ ಪ್ರತಿ ಸುತ್ತಿಗೂ ತೋಳಿನ ಗಂಟು ಕಣ್ಣಿನ ಮುಂದೆ ಬಂದು ಹೋಗುತ್ತಿತ್ತು. ಹಸಿರು ಬಟ್ಟೆ ಮಸಿ ಹಿಡಿದು ಯಾವ ಬಣ್ಣವೂ ಅಲ್ಲದ ಬಣ್ಣವಾಗಿತ್ತು. ಒಂದು ಯೋಚನೆ ಹೊಳೆಯಿತು, ಅದರ ಸರಳತೆಗೆ ಅವನೇ ಬೆರಗಾದ. ಇದನ್ನು ಬಿಚ್ಚಿಬಿಟ್ಟರೆ? ಈಗ, ಇಲ್ಲೇ. ಬಿಚ್ಚಿಬಿಟ್ಟರೆ ಅವನು ಹೊರಟವನೇ ಅಲ್ಲ. ಹೊರಡದವನಿಗೆ ಹೋಗಲಿಲ್ಲ ಎನ್ನುವ ನಾಚಿಕೆ ಎಲ್ಲಿಯದು? ಮಧ್ಯಾಹ್ನ ಕೊಟ್ರಬಸಪ್ಪನ ಹಜಾರದಲ್ಲಿ ಅಪ್ಪನ ಎದುರು ಕೂತು ಹೊಲಿಗೆ ಹಾಕಬಹುದು. ತಂಯ್ ತಂಯ್ ಎಂದು ನರ ಮಿಡಿಯುತ್ತದೆ, ಹತ್ತಿ ಎದ್ದು ಹುಬ್ಬಿಗೆ, ಮೀಸೆಗೆ ಕೂರುತ್ತದೆ. ಚಿಕ್ಕವನಿದ್ದಾಗ ಸಂಜೆ ಕೆಲಸ ಮುಗಿಸಿ ಬರುವ ಅಪ್ಪ ಬೆಳ್ಳಗೆ ಮುದುಕನಾಗಿರುತ್ತಿದ್ದ. ಬಚ್ಚಲಿಗೆ ಹೋಗಿ ನೀರು ಹೊಯ್ದುಕೊಂಡು ಯುವಕನಾಗಿ ಹೊರಗೆ ಬರುತ್ತಿದ್ದ. ಮುಪ್ಪು ಎಂದರೆ ತೊಳೆದರೆ ಹೋಗುವಂಥದು ಎಂದು ಮೌಲಾ ಬಹಳ ದಿನ ನಂಬಿದ್ದ. ಅಪ್ಪನ ಬಲತೋಳಿನ ಕಪ್ಪು ತಾಯಿತಕ್ಕೆ ಅಂಟಿದ ಹತ್ತಿ ಮಾತ್ರ ಎಷ್ಟು ತೊಳೆದರೂ ಬಿಡುತ್ತಿರಲಿಲ್ಲ. ಈಗ ಸ್ನಾನ ಮಾಡಿ ಬಂದರೂ ಅಪ್ಪನ ಮೀಸೆ ಬೆಳ್ಳಗೇ ಇರುತ್ತದೆ.

ಅವನು ಹಿಡಿಕೆ ಬಿಟ್ಟು ಎಡಗೈಯಿಂದ ಗಂಟು ಹುಡುಕಿದ. ಅವ್ವನ ಎರಡನೆಯ ಗಂಟು ಬೆರಳಿಗೆ ಸಿಕ್ಕಿತು.

"ತಲುಪಿದ ಮ್ಯಾಲೆ ಬಿಚ್ಚೋದು ಅದು."

ಅಪ್ಪ. ಹೆಗಲ ಮೇಲೆ ಬಿಲ್ಲು, ಕೈಯಲ್ಲಿ ನರ ಮಿಡಿಯುವ ಕೊಡತಿ, ಸಾವ್ಕಾರನ ಮನೆಗೆ ಹೊರಟವನು. ಆ ಮನೆಗೆ ಹೋಗಲು ಬಸ್ಸಿನ ಹತ್ತಿರ ಬರಬೇಕಾಗಿರಲಿಲ್ಲ, ಅದು ಊರಿನ ಆ ಕಡೆ.

"ನೋಡ್ತಿದ್ದೆ, ಬಿಗಿ ಐತೇನೋ ಅಂತ" ಎಂದ ಮೌಲಾ. ಅಪ್ಪ ಕೊಡತಿಯನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು, ಅದರ ಪಕ್ಕ ತಾನೂ ಕೂತ. ಅವನು ಹಾಗೆ ದಾರಿ ಮಧ್ಯೆ ಕೂರುವವನಲ್ಲ.

"ಬಿಚ್ಚಿದ್ರೆ ಬಿಚ್ಚು. ಯಾರೂ ಏನೂ ಅನ್ನಲ್ಲ. ಅಂದ್ರೂ ಹಬ್ಬದ ತಂಕ ಅಂತಾರೆ, ಆಮ್ಯಾಲೆ ಮರೀತಾರೆ. ಬಿಚ್ಚದೆ ಇಟ್ಕಂಡು ಕೂರಬ್ಯಾಡ. ಅದೊಂದು ಮಾತ್ರ ಬ್ಯಾಡ." ಅಂಗಿಯ ತೋಳನ್ನು ಮೇಲೆ ಸರಿಸಿದ. "ನನ್ನಂಗೆ."

ಮೌಲಾ ನೋಡಿದ. ದಿನಾ ನೋಡಿದ್ದೇ. ಕಪ್ಪಗೆ, ಗಟ್ಟಿಯಾಗಿ, ಚರ್ಮದ್ದೇ ಒಂದು ಗಂಟೇನೋ ಎನ್ನುವ ಹಾಗೆ.

"ಅದು ತಾಯಿತ ಅಲ್ವಾ?"

"ತಾಯಿತ ಅಂತ ನಾನೆಂದೂ ಹೇಳಿಲ್ಲ. ನೀವು ಅಂದ್ಕಂಡ್ರಿ, ನಾನು ಸುಮ್ಕಾದೆ. ನಿಮ್ಮವ್ವಗೆ ಗೊತ್ತೈತೆ. ನಮ್ಮವ್ವ ಕಟ್ಟಿದ್ದು ಇದು, ಜಗಳೂರಾಗೆ, ಹೊರಡೋ ದಿನ. ತಲುಪಿದ ಕೂಡ್ಲೇ ಬಿಚ್ಚು ಮಗಾ ಅಂದ್ಲು. ಇಲ್ಲಿಗೆ ಬಂದೆ. ಮೂರು ತಿಂಗಳ ಕೆಲ್ಸ, ಇದು ತಲುಪೋ ಜಾಗ ಏನಲ್ಲ, ವಾಪಸು ಹೋದ ಮ್ಯಾಲೆ ಅವಳ ಕೈಲೇ ಬಿಚ್ಚಿಸ್ತೀನಿ ಅಂದ್ಕಂಡೆ. ಅಷ್ಟ್ರಾಗೆ ಅವ್ಳು ಹೋಗಿಬಿಟ್ಲು. ಆಮ್ಯಾಲೆ ಬಿಚ್ಚೋದು ಯಾವಾಗ ಅಂತ ಗೊತ್ತಾಗ್ಲಿಲ್ಲ."

ರಂಗಣ್ಣ ಒಲೆ ಕೆದಕುವುದನ್ನು ನಿಲ್ಲಿಸಿದ್ದ. ಕಲ್ಲಮ್ಮನ ಕೋಳಿಯೂ ಕಿಟಕಿಯಿಂದ ಕತ್ತು ಹಾಕಿತ್ತು. ಮೌಲಾ ಇಪ್ಪತ್ತೆರಡು ವರ್ಷವನ್ನು ಒಮ್ಮೆ ತನ್ನ ತೋಳಿಗೆ ಕಟ್ಟಿ ನೋಡಿದ. ದಾವಣಗೆರೆಯಲ್ಲಿ ಗೂಟವಿಲ್ಲದ ಒಂದು ಕೋಣೆ, ಇನ್ನೂ ಹುಟ್ಟದ ಮಕ್ಕಳು ಯಾರಿಗೋ ನ್ಯಾಮತಿ ಎಂದು ಸುಳ್ಳೂ ಅಲ್ಲದ ನಿಜವೂ ಅಲ್ಲದ ಮಾತು ಹೇಳುತ್ತಿರುವುದು. ಅವನಿಗೆ ನಗು ಬಂತು. ನಗಬಾರದ ಹೊತ್ತು ಎಂದು ಗೊತ್ತಿದ್ದರಿಂದ ಇನ್ನೂ ಬಂತು.

"ನಗು, ನಗು. ನಿಮ್ಮವ್ವನೂ ಹಿಂಗೇ ನಕ್ಕು ನಕ್ಕು ಸಾಕಾಗಿ ಬಿಟ್ಟುಬಿಟ್ಲು" ಎಂದ ಸುಬಾನಸಾಬ. ತೋಳು ಮುಂದೆ ಚಾಚಿದ. "ನನ್ನ ಕೈಗೆ ಸಿಗಲ್ಲ ಇದು. ಹಲ್ಲೂ ಇಲ್ಲ. ನೀನು ಬಿಚ್ಚು."

ಉಗುರಿಗೆ ಅದು ಜಗ್ಗಲಿಲ್ಲ. ರಂಗಣ್ಣ ಇಕ್ಕಳ ತರುತ್ತೇನೆ ಎಂದ, ಅಪ್ಪ ಬೇಡ ಎಂದ. ಮೌಲಾ ಬಗ್ಗಿ ಗಂಟಿಗೆ ಹಲ್ಲು ಹಾಕಿದ. ಬಾಯಿಗೆ ಬೆವರಿನ ಉಪ್ಪು, ಎಣ್ಣೆ, ಇಪ್ಪತ್ತೆರಡು ವರ್ಷದ ಹತ್ತಿ. ಅಪ್ಪನ ಮೈಯ ಇಷ್ಟು ಹತ್ತಿರ ಅವನು ಕೊನೆಯ ಸಲ ಬಂದದ್ದು ಯಾವಾಗ ಎಂದು ನೆನಪಾಗಲಿಲ್ಲ. ಗಂಟು ಒಮ್ಮೆಗೇ ಸಡಿಲಿ ಕಳಚಿಕೊಂಡಿತು. ಕೆಳಗಿನ ಚರ್ಮ ಬೆಳ್ಳಗೆ, ಮಗುವಿನದರ ಹಾಗೆ ಇತ್ತು. ಅಪ್ಪ ಅದನ್ನು ಬೆರಳಿನಿಂದ ಮುಟ್ಟಿ, ಬೇರೆ ಯಾರದೋ ತೋಳೆಂಬಂತೆ ಕೈ ತೆಗೆದ.

ಬಟ್ಟೆಯೊಳಗಿನಿಂದ ಕಪ್ಪಾದ ಒಂದು ಕಾಸು ಬಿತ್ತು. ತೂತಿಲ್ಲದ ಇಡೀ ಕಾಸು.

"ಈಗ ಇದನ್ನ ಈ ಊರಿನ ಬಡವರಿಗೆ ಕೊಡ್ಬೇಕು" ಎಂದು ಅಪ್ಪ ಸುತ್ತ ನೋಡಿದ. ಇದ್ದವರೆಲ್ಲ ಬೇರೆ ಕಡೆ ನೋಡಿದರು. ಕಲ್ಲಮ್ಮ ಕಿಟಕಿಯಿಂದ ತಲೆ ಒಳಗೆಳೆದುಕೊಂಡಳು, ಕೋಳಿಯನ್ನೂ ಎಳೆದುಕೊಂಡಳು. "ನಾನೇನೂ ಬಡವ ಅಲ್ಲಪ್ಪಾ, ಸಂಬಳ ಬಂದಿಲ್ಲ ಅಷ್ಟೆ" ಎಂದ ರಂಗಣ್ಣ. ಅಪ್ಪ ಕಾಸನ್ನು ಮೌಲಾನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ದಾರಿಹೋಕಗೆ ಕೊಟ್ರೂ ಸಲ್ತೈತೆ. ಇಲ್ಲಿ ನಿಂತೋರಾಗೆ ಇವತ್ತಿಂದ ಈ ಊರೋನಲ್ಲದೋನು ನೀನೊಬ್ನೇ."

ಬಿಲ್ಲು ಹೆಗಲಿಗೇರಿಸಿ ಎದ್ದ. ನಾಲ್ಕು ಹೆಜ್ಜೆ ಹೋಗಿ ತಿರುಗಿದ, ಮಗನ ಕಡೆಗಲ್ಲ, ರಂಗಣ್ಣನ ಕಡೆಗೆ. "ರಂಗಣ್ಣಾ, ಬಡಗಿ ಚಿತ್ತಪ್ಪ ಅಂಗಡಿ ತೆಗ್ದಿರ್ತಾನೇನು? ಒಂದೆರಡು ಗೂಟ ಬೇಕಾಗಿತ್ತು ಮನೆಗೆ."

"ತೆಗ್ದಿರ್ತಾನೆ ಹೋಗ್ರಿ ಸಾಬ್ರೇ" ಎಂದು ರಂಗಣ್ಣ ಬಸ್ಸು ಹತ್ತಿದ. ಬಸ್ಸು ಗುಡುಗಿತು, ನಡುಗಿತು, ಸತ್ತಿತು. ಎರಡನೆಯ ಸಲವೂ ಸತ್ತಿತು. "ಗಂಡಸ್ರೆಲ್ಲ ಇಳ್ದು ನೂಕ್ರಪ್ಪಾ. ಇಂಜಿನ್ನು ಹೊತ್ತಿಕಂಡ ಮ್ಯಾಲೆ ನಾನು ನಿಲ್ಸಲ್ಲ. ನಿಲ್ಸಿದ್ರೆ ಮತ್ತೆ ಮಂಗಳವಾರವೇ. ಓಡಿ ಹತ್ಕಬೇಕು."

ತಲೆಯ ಮೇಲೆ ಹೊತ್ತು ತಂದ ಗಂಟು ಒಳಗಿತ್ತು, ಸೀಟಿನ ಮೇಲೆ. ಮೌಲಾ ಕಾಸನ್ನು ಎಲ್ಲಿಡುವುದೆಂದು ತಿಳಿಯದೆ ಬಾಯೊಳಗೆ ಹಾಕಿಕೊಂಡು, ಎರಡೂ ಕೈ ಬಸ್ಸಿನ ಬೆನ್ನಿಗೆ ಕೊಟ್ಟು ನೂಕಿದ. ಬಿಸಿ ಒಲೆಯ ಪಕ್ಕ ಮುಖ. ನೆಲ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕಾಲ ಕೆಳಗೆ ಪೇಟೆಯ ಮಣ್ಣು, ಆಮೇಲೆ ಹುಣಸೇಮರದ ನೆರಳು, ಆ ನೆರಳಿನಲ್ಲಿ ಇರುವೆ ಇದ್ದವೋ ಏನೋ, ನೋಡಲಾಗಲಿಲ್ಲ. ಆಮೇಲೆ ಹೊನ್ನಾಳಿ ರಸ್ತೆಯ ಕಲ್ಲು. ವಾರವೆಲ್ಲ ಯೋಚಿಸಿ ಯೋಚಿಸಿ ಬಿಡಲಾಗದ ಊರನ್ನು ಅವನು ಈಗ ಬೆವರು ಸುರಿಸಿ, ಅಂಗೈ ಸುಟ್ಟುಕೊಂಡು, ಒಂದೊಂದೇ ಗಜ ಹಿಂದಕ್ಕೆ ತಳ್ಳುತ್ತಿದ್ದ. ಪಕ್ಕದವರು ಹೋ ಎಂದರು. ಕೈಗೆ ಒತ್ತುತ್ತಿದ್ದ ಭಾರ ಇದ್ದಕ್ಕಿದ್ದ ಹಾಗೆ ಕೈ ಬಿಟ್ಟು ಓಡಿತು. ಇಂಜಿನ್ನು ಹೊತ್ತಿಕೊಂಡಿತ್ತು. ಉಳಿದವರು ನುಗ್ಗಿ ಹತ್ತಿದರು.

ಅವನು ರಸ್ತೆಯ ಮೇಲೆ ಒಬ್ಬನೇ ಇದ್ದ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು.

ಆಮೇಲೆ ಓಡುತ್ತಿದ್ದ. ಓಡಬೇಕೆಂದು ಯಾವಾಗ ತೀರ್ಮಾನ ಮಾಡಿದೆ ಎಂದು ಬಹಳ ವರ್ಷ ಕಳೆದ ಮೇಲೂ ಅವನಿಗೆ ಹೇಳಲಾಗಲಿಲ್ಲ. ಕಲ್ಲಮ್ಮ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ಬಾರೋ, ಬಾರೋ, ಇವತ್ತೂ ಜಾಗ ಐತೆ ಬಾರೋ!" ಎಂದು ಕೂಗುತ್ತಿದ್ದಳು. ಮೆಟ್ಟಿಲಿನ ಕಂಬಿ ಕೈಗೆ ಸಿಕ್ಕಿತು. ಯಾರೋ ಕುತ್ತಿಗೆಪಟ್ಟಿ ಹಿಡಿದು ಒಳಗೆ ಎಳೆದುಕೊಂಡರು.

ಮುದುಕಿ ಕೋಳಿಯನ್ನು ಸರಿಸಿ ಪಕ್ಕದಲ್ಲಿ ಜಾಗ ಕೊಟ್ಟಳು. ಅವನ ಮಸಿ ಮುಖವನ್ನೂ ತೋಳಿನ ಗಂಟನ್ನೂ ನೋಡಿದಳು.

"ಯಾವೂರಪ್ಪಾ ನಿಂದು?"

ಬಾಯಲ್ಲಿ ಕಾಸಿತ್ತು. ಅವನು ತಿರುಗಿ, ಹಿಂದೆ ಧೂಳಿನಲ್ಲಿ ಮರೆಯಾಗುತ್ತಿದ್ದ ಊರಿನ ಕಡೆ ಕೈ ತೋರಿಸಿದ.